ಆನೆಯಿಂದ ದೂರ, ಫ್ರೇಮಿನಲ್ಲಿ ಜಾಗ

ಹೆಚ್ಚು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಯಾಕೆ ಎಂದರೆ ದೊಡ್ಡ ಪ್ರಿಂಟಿಗೆ ಎನ್ನುವುದು ರೂಢಿ. ತಮಿಳುನಾಡಿನ ಕೊಯಮತ್ತೂರು ಬಳಿಯ ಮದುಕ್ಕರೈ ಸೀಮೆಯಲ್ಲಿ ಆನೆಗಳ ಫೋಟೊ ತೆಗೆಯುತ್ತ ನನಗೆ ಮನದಟ್ಟಾದ ಕಾರಣ ಬೇರೆ: ಆನೆಯ ಹತ್ತಿರ ಹೋಗದಿರುವುದಕ್ಕೆ. ಪೋತ್ತನೂರು–ವಾಳಯಾರ್ ನಡುವಿನ ರೈಲು ಹಳಿಗಳು ಇಲ್ಲಿ ಆನೆ ಓಡಾಡುವ ಕಾಡನ್ನೇ ಹಾದುಹೋಗುತ್ತವೆ. 2021ರ ನವೆಂಬರ್ 26ರ ರಾತ್ರಿ ನವಕ್ಕರೈ ಬಳಿ ಮಂಗಳೂರು–ಚೆನ್ನೈ ರೈಲಿಗೆ ಸಿಕ್ಕಿ ಮೂರು ಆನೆಗಳು ಸತ್ತವು. 2024ರ ಫೆಬ್ರುವರಿಯಿಂದ ಅರಣ್ಯ ಇಲಾಖೆ ಹಳಿ ಪಕ್ಕದ ಗೋಪುರಗಳ ಮೇಲೆ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಇಟ್ಟು ಕಾವಲು ಕಾಯುತ್ತಿದೆ. ಇಂಥ ಕಡೆ ಫೋಟೊಗಾಗಿ ಮುಂದೆ ನುಗ್ಗಿದರೆ, ದಾಟುತ್ತಿರುವ ಹಿಂಡು ಬೆದರಿ ಹಳಿಯ ಮೇಲೆಯೇ ನಿಂತುಬಿಡಬಹುದು.

ದೂರದಿಂದ ತೆಗೆದರೆ ಆನೆ ಚಿಕ್ಕದಾಗಿ ಕಾಣುತ್ತದೆ, ಆಮೇಲೆ ಸುತ್ತಲಿನದನ್ನು ಕತ್ತರಿಸಬೇಕು, ಅಂದರೆ ಕ್ರಾಪ್ ಮಾಡಬೇಕು. ಅದಕ್ಕೇ ಹೆಚ್ಚು ಪಿಕ್ಸೆಲ್ ಬೇಕು. ಲೆಕ್ಕ ನೋಡಿ. 24 ಮೆಗಾಪಿಕ್ಸೆಲ್ ಎಂದರೆ 6000 x 4000 ಚುಕ್ಕಿ. ಅಗಲ, ಎತ್ತರ ಎರಡನ್ನೂ ಅರ್ಧಕ್ಕೆ ಕ್ರಾಪ್ ಮಾಡಿದರೆ ಉಳಿಯುವುದು ಕಾಲು ಭಾಗ, 6 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಎ4 ಪುಟಕ್ಕೆ ಅದು ಸಾಲದು. 45 ಮೆಗಾಪಿಕ್ಸೆಲ್ಲಿನ ನಿಕಾನ್ ಡಿ850ರಲ್ಲಿ ಅಷ್ಟೇ ಕತ್ತರಿಸಿದರೂ 11 ಮೆಗಾಪಿಕ್ಸೆಲ್ ಉಳಿದು, ಪುಟ ತುಂಬಿ ಮಿಗುತ್ತದೆ. ಉದ್ದದ ಲೆನ್ಸ್ ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಒಂಟಿ ಸಲಗಕ್ಕೆ ಅದು ಸರಿ. ಆದರೆ ತಾಯಿಯ ಹಿಂದೆ ಪೊದೆಯಿಂದ ಮರಿ ಹೊರಬಂದಾಗ 600 ಎಂಎಂ ಲೆನ್ಸಿನ ಫ್ರೇಮಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಅಗಲವಾಗಿ ತೆಗೆದದ್ದರಲ್ಲಿ ಹಿಂಡೂ ಇರುತ್ತದೆ, ಬೇಕಾದಾಗ ಮರಿಯೊಂದರ ಚಿತ್ರವೂ ಸಿಗುತ್ತದೆ.

ಕ್ರಾಪ್ ನಂಬಿದವರು ಚೌಕಟ್ಟು ಕಟ್ಟುವ ಶಿಸ್ತನ್ನೇ ಮರೆಯುತ್ತಾರೆ ಎಂಬ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ನಿಂತ ಜಾಗ, ಬೆಳಕಿನ ದಿಕ್ಕು, ಆನೆಯ ಹಿಂದಿನ ಬೆಟ್ಟ, ಇವು ಯಾವ ಕ್ರಾಪಿನಿಂದಲೂ ಬದಲಾಗುವುದಿಲ್ಲ. ಅವನ್ನು ಮೊದಲೇ ಆರಿಸಬೇಕು. ಹೆಚ್ಚು ಪಿಕ್ಸೆಲ್ ಕೈನಡುಕವನ್ನೂ ಎತ್ತಿ ತೋರಿಸುತ್ತದೆ. 400 ಎಂಎಂ ಲೆನ್ಸಿಗೆ 1/400 ಸೆಕೆಂಡಿನ ಶಟರ್ ವೇಗ ಸಾಕೆಂಬ ಹಳೆಯ ಸೂತ್ರ ಅರ್ಧಕ್ಕೆ ಕತ್ತರಿಸುವ ಚಿತ್ರಕ್ಕೆ ಸಾಲದು, 1/800ಕ್ಕಾದರೂ ಏರಿಸಬೇಕು. ನಡುಹಗಲಲ್ಲಿ ಹಳಿಯ ಜಲ್ಲಿಕಲ್ಲಿನಿಂದೇಳುವ ಬಿಸಿಗಾಳಿ ಆನೆಯ ಕಾಲುಗಳನ್ನು ಅಲುಗಿಸಿ ತೋರಿಸುವಾಗ ಯಾವ ಸೆನ್ಸರೂ ನೆರವಿಗೆ ಬಾರದು. ಮಸುಕನ್ನು ದೊಡ್ಡದು ಮಾಡಿದರೆ ದೊಡ್ಡ ಮಸುಕೇ ಸಿಗುವುದು.

ಇದೆಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು, ಕತ್ತರಿಸಿ ಬಿಟ್ಟ ಭಾಗ. ಹಳಿ, ಸಿಗ್ನಲ್ ಕಂಬಗಳನ್ನು ತೆಗೆದುಹಾಕಿದರೆ ನೆಮ್ಮದಿಯ ಕಾಡಾನೆ ಉಳಿಯುತ್ತದೆ, ಅದರ ಸಂಕಟ ಕಾಣೆಯಾಗುತ್ತದೆ. ಆದ್ದರಿಂದ ಕ್ಯಾಮೆರಾ ಹಿಡಿದು ಈ ಕಡೆ ಬರುವವರಲ್ಲಿ ನನ್ನ ಕೋರಿಕೆ: ದೂರದಿಂದಲೇ ತೆಗೆಯಿರಿ, ಮನಸ್ಸಿಗೆ ಬಂದಂತೆ ಕ್ರಾಪ್ ಮಾಡಿ, ಆದರೆ ಮೂಲ ಫೈಲನ್ನು ಅಳಿಸಬೇಡಿ, ಪತ್ರಿಕೆಗೋ ಇಲಾಖೆಗೋ ಕೊಡುವಾಗ ಹಳಿ ಕಾಣುವ ಪೂರ್ತಿ ಚಿತ್ರವನ್ನೂ ಜೊತೆಗೆ ಕೊಡಿ.