ಅಷ್ಟಾಹ್ನಿಕದ ದಶಮಿ
ಮಾನ್ಯಖೇಟದ ಕಾಲದ ಎರಡು ಮಹಾಗ್ರಂಥಗಳು ಸಮಾಪ್ತಿಗೊಂಡ ತಿಥಿ

ಜ್ಯೇಷ್ಠ ಶುಕ್ಲ ಪಂಚಮಿಯನ್ನು ನಾವೆಲ್ಲರೂ ಶ್ರುತಪಂಚಮಿಯೆಂದು ಆಚರಿಸುತ್ತೇವೆ. ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಪೂರ್ಣಗೊಳಿಸಿದ ಬಳಿಕ ಚತುಃಸಂಘವು ಶ್ರುತಪೂಜೆ ಮಾಡಿದ ದಿನವದು. ಶಾಸ್ತ್ರ ಮುಗಿದ ದಿನವೇ ಪರ್ವವಾಯಿತು. ಆದರೆ ಪರ್ವದ ದಿನದಲ್ಲೇ ಶಾಸ್ತ್ರ ಮುಗಿದ ನಿದರ್ಶನವೂ ನಮ್ಮ ಪರಂಪರೆಯಲ್ಲಿದೆ. ಅದನ್ನು ಬಲ್ಲವರು ವಿರಳ. ಆ ತಿಥಿಯೇ ಅಷ್ಟಾಹ್ನಿಕದ ಶುಕ್ಲ ದಶಮಿ.

ಪರ್ವದ ಸ್ವರೂಪ

ಕಾರ್ತಿಕ, ಫಾಲ್ಗುಣ, ಆಷಾಢ ಈ ಮೂರು ಮಾಸಗಳ ಶುಕ್ಲ ಅಷ್ಟಮಿಯಿಂದ ಪೂರ್ಣಿಮೆಯವರೆಗಿನ ಎಂಟು ದಿನಗಳೇ ಅಷ್ಟಾಹ್ನಿಕ ಪರ್ವ. ಎಂಟನೆಯ ದ್ವೀಪವಾದ ನಂದೀಶ್ವರದ ನಾಲ್ಕು ದಿಕ್ಕುಗಳಲ್ಲಿಯೂ ಒಂದು ಅಂಜನಗಿರಿ, ನಾಲ್ಕು ದಧಿಮುಖ, ಎಂಟು ರತಿಕರ ಪರ್ವತಗಳಿದ್ದು, ದಿಕ್ಕಿಗೆ 13ರಂತೆ ಒಟ್ಟು 52 ಅಕೃತ್ರಿಮ ಜಿನಾಲಯಗಳಿವೆ. ಅಲ್ಲಿ ದೇವತೆಗಳು ಎಂಟು ದಿನ ಮಹಾಪೂಜೆ ನಡೆಸುವರು. ಮಾನುಷೋತ್ತರ ಪರ್ವತವನ್ನು ದಾಟಲಾರದ ಮನುಷ್ಯರು ತಮ್ಮ ಊರಿನ ಬಸದಿಯಲ್ಲೇ ನಂದೀಶ್ವರವನ್ನು ಭಾವಿಸಿ ಪೂಜಿಸುವರು. ಯಥಾಶಕ್ತಿ ಉಪವಾಸ, ಏಕಭುಕ್ತ ಅಥವಾ ರಸತ್ಯಾಗ ಕೈಗೊಳ್ಳುವರು. ದಶಮಿಯು ಇದರ ಮೂರನೆಯ ದಿನ.

ಫಾಲ್ಗುಣ ದಶಮಿ: ಜಯಧವಲಾ

ಗುಣಧರಾಚಾರ್ಯರ ಕಸಾಯಪಾಹುಡಕ್ಕೆ ಟೀಕೆ ರಚಿಸಲು ತೊಡಗಿದವರು ವೀರಸೇನಾಚಾರ್ಯರು. ಷಟ್ಖಂಡಾಗಮದ ಮೇಲೆ 72,000 ಶ್ಲೋಕ ಪ್ರಮಾಣದ ಧವಲಾ ಟೀಕೆಯನ್ನು ಮುಗಿಸಿದ್ದ ಆ ಮಹಾತ್ಮರು ಈ ಹೊಸ ಟೀಕೆಯಲ್ಲಿ 20,000 ಶ್ಲೋಕ ಪ್ರಮಾಣ ಬರೆಯುವಷ್ಟರಲ್ಲಿ ಸ್ವರ್ಗಸ್ಥರಾದರು. ಉಳಿದ 40,000ವನ್ನು ಬರೆದು ಪೂರ್ಣಗೊಳಿಸಿದವರು ಶಿಷ್ಯರಾದ ಜಿನಸೇನಾಚಾರ್ಯರು. ಹೀಗೆ ಜಯಧವಲಾ 60,000 ಶ್ಲೋಕ ಪ್ರಮಾಣದ ಗ್ರಂಥವಾಯಿತು.

ಸಮಾಪ್ತಿಯ ಕಾಲವನ್ನು ಜಿನಸೇನರು ಪ್ರಶಸ್ತಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಶಕ ವರ್ಷ 759 ಕಳೆದಿರಲು, ಫಾಲ್ಗುಣ ಶುಕ್ಲ ದಶಮಿಯ ಪೂರ್ವಾಹ್ಣದಲ್ಲಿ, ನಂದೀಶ್ವರ ಮಹೋತ್ಸವದ ಪೂಜೆಗಳು ನಡೆಯುತ್ತಿರುವಾಗ, ವಾಟಗ್ರಾಮಪುರದಲ್ಲಿ ಟೀಕೆ ಮುಗಿಯಿತು. ಶಕಕ್ಕೆ 78 ಕೂಡಿಸಿದರೆ 837 ಬರುವುದರಿಂದ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕ್ರಿ.ಶ. 837 ಎಂದೇ ಕಾಣುತ್ತದೆ. ಆದರೆ ಫಾಲ್ಗುಣವು ಶಕವರ್ಷದ ಕಡೆಯ ಮಾಸವಾದ್ದರಿಂದ ಆ ದಶಮಿಯು ಕ್ರಿ.ಶ. 838ರ ಮೊದಲ ತಿಂಗಳುಗಳಲ್ಲಿ ಬೀಳುತ್ತದೆ.

ಆಗ ಆಳುತ್ತಿದ್ದವನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಪ್ರಶಸ್ತಿಯಲ್ಲಿ ಅವನ ಹೆಸರೂ ಇದೆ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ, ಕಾಗಿಣಾ ನದೀತೀರದ ಮಳಖೇಡ. ಜಿನಸೇನರ ಪಾದಗಳಿಗೆರಗಿ ಈ ಅರಸನು ತನ್ನನ್ನು ಪವಿತ್ರನೆಂದು ಭಾವಿಸಿದನೆಂದು ಗುಣಭದ್ರಾಚಾರ್ಯರು ತಿಳಿಸುತ್ತಾರೆ.

ಆಷಾಢ ದಶಮಿ: ಮಹಾಪುರಾಣ

ಶತಮಾನಕ್ಕೂ ಮಿಕ್ಕಿದ ಕಾಲದ ಮೇಲೆ, ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಪುಷ್ಪದಂತ ಕವಿಯು ಮಾನ್ಯಖೇಟಕ್ಕೆ ಬಂದನು. ಷಟ್ಖಂಡಾಗಮದ ಪುಷ್ಪದಂತ ಆಚಾರ್ಯರೇ ಬೇರೆ, ಈ ಅಪಭ್ರಂಶ ಕವಿಯೇ ಬೇರೆ. ಓದುಗರು ಒಂದಾಗಿ ಎಣಿಸಬಾರದು. ಮಂತ್ರಿ ಭರತನ ಆಶ್ರಯದಲ್ಲಿ ಅವನು ಸಿದ್ಧಾರ್ಥಿ ಸಂವತ್ಸರದಲ್ಲಿ, ಅಂದರೆ 959ರಲ್ಲಿ, ಅರುವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಆರಂಭಿಸಿ, 102 ಸಂಧಿಗಳಲ್ಲಿ ಹಾಡಿ, ಕ್ರೋಧನ ಸಂವತ್ಸರದ ಆಷಾಢ ಶುಕ್ಲ ದಶಮಿಯಂದು ಮುಗಿಸಿದನು. ವಿದ್ವಾಂಸರ ಗಣನೆಯಂತೆ ಅದು 965ರ ಜೂನ್ 11. ಅದೂ ಅಷ್ಟಾಹ್ನಿಕದ ಮೂರನೆಯ ದಿನವೇ!

ಇನ್ನೊಂದು ಸಂಗತಿಯೂ ಗಮನಾರ್ಹ. ವೀರಸೇನರ ಧವಲಾ ಮುಗಿದದ್ದು ಕಾರ್ತಿಕ ಶುಕ್ಲ ತ್ರಯೋದಶಿಯಂದು. ವರ್ಷವನ್ನು ಸೂಚಿಸುವ ಪದ್ಯದ ಪಾಠದಲ್ಲಿ ಭಿನ್ನಾಭಿಪ್ರಾಯವಿದ್ದರೂ ಕ್ರಿ.ಶ. 816 ಎಂಬುದು ಬಹುಮಾನ್ಯ. ಅಂತೂ ವರ್ಷದ ಮೂರು ಅಷ್ಟಾಹ್ನಿಕಗಳಲ್ಲಿ ಒಂದೊಂದರಲ್ಲೂ ಒಂದೊಂದು ಮಹಾಗ್ರಂಥ ಸಮಾಪ್ತಿಗೊಂಡಿದೆ. ಇವುಗಳಲ್ಲಿ ಉತ್ಸವವನ್ನು ಹೆಸರಿಸಿ ಹೇಳಿದವರು ಜಿನಸೇನರು. ಉಳಿದೆರಡನ್ನೂ ಉದ್ದೇಶಪೂರ್ವಕವೆಂದು ಸಾಧಿಸುವ ಅಗತ್ಯವಿಲ್ಲ. ತಿಥಿಗಳು ಕೂಡಿಬಂದಿರುವುದೇ ಸ್ಮರಣೀಯ.

ನಮಗೆ ಇದರಿಂದೇನು?

ಸ್ವಾಧ್ಯಾಯವು ಆರು ಅಂತರಂಗ ತಪಸ್ಸುಗಳಲ್ಲೊಂದು. ಅನಶನವು ಬಹಿರಂಗ ತಪಸ್ಸು. ಉಪವಾಸದ ದಿನ ಅಡುಗೆಯ ಕೆಲಸ ತಗ್ಗಿ ಮನೆಯಲ್ಲಿ ಬಿಡುವು ದೊರೆಯುತ್ತದೆ. ಆ ಬಿಡುವು ಹರಟೆಯಲ್ಲೋ ನಿದ್ರೆಯಲ್ಲೋ ಕಳೆದರೆ ಹೊಟ್ಟೆ ಮಾತ್ರ ನೋಂಪಿ ನೋಂತಂತಾಯಿತು. ನಂದೀಶ್ವರದ ಪೂಜೆ ನಡೆಯುತ್ತಿದ್ದ ಹೊತ್ತಿನಲ್ಲಿ ಜಿನಸೇನರು ಲೇಖನಿಯನ್ನು ಬಿಡಲಿಲ್ಲ. ಅವರ ಪಾಲಿಗೆ ಗುರುವಿನ ಋಣ ತೀರಿದುದೂ ಅಂದೇ.

ಇಂತಹ ಋಣವನ್ನು ಜಿನಸೇನರೂ ಉಳಿಸಿಹೋದರು. ಅವರ ಆದಿಪುರಾಣವು 42 ಪರ್ವಗಳು ಮುಗಿದು 43ನೆಯದರ ಆರಂಭದಲ್ಲೇ ನಿಂತಿತು; ಅದನ್ನು ಪೂರೈಸಿ ಉತ್ತರಪುರಾಣವನ್ನು ರಚಿಸಿದವರು ಶಿಷ್ಯ ಗುಣಭದ್ರರು. ಪುಷ್ಪದಂತನ ಪುರಾಣ ಮುಗಿದ ಏಳು ವರ್ಷಕ್ಕೆ, 972ರಲ್ಲಿ, ಪರಮಾರ ಸೀಯಕನ ಸೇನೆ ಮಾನ್ಯಖೇಟವನ್ನು ಸೂರೆಗೊಂಡಿತು. ಅರಮನೆ ಅಳಿಯಿತು; ಗ್ರಂಥಗಳು ಉಳಿದವು. ಧವಲಾ ಜಯಧವಲಾಗಳ ತಾಡವಾಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದವು. ಭಕ್ತರು ಅವುಗಳ ದರ್ಶನ ಪಡೆದರು, ಓದಿದವರು ಅತ್ಯಲ್ಪ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಮುದ್ರಣಗೊಂಡದ್ದು 1939ರಲ್ಲಿ. ದರ್ಶನದಿಂದ ಶಾಸ್ತ್ರ ರಕ್ಷಣೆಯಾದೀತು. ಓದಿದಲ್ಲದೆ ಅದು ಮುಂದಿನ ತಲೆಮಾರಿಗೆ ದಾಟದು.

ಆದುದರಿಂದ ಶ್ರಾವಕ ಶ್ರಾವಿಕೆಯರು ಮುಂಬರುವ ಅಷ್ಟಾಹ್ನಿಕದ ದಶಮಿಯಂದು ಪೂಜೆಯ ಬಳಿಕ ಮನೆಮಂದಿಯನ್ನೆಲ್ಲ ಕೂಡಿಸಿ, ತಿಳಿಯುವ ಭಾಷೆಯಲ್ಲಿರುವ ಯಾವುದಾದರೊಂದು ಶಾಸ್ತ್ರದ ಒಂದು ಪುಟವನ್ನಾದರೂ ಓದಲಿ. ಹಿರಿಯರು ಓದಿ ನಿಲ್ಲಿಸಿದಲ್ಲಿಂದ ಮರುದಿನ ಮಕ್ಕಳು ಮುಂದುವರಿಸಲಿ. ವೀರಸೇನರು ನಿಲ್ಲಿಸಿದಲ್ಲಿಂದ ಜಿನಸೇನರು ತೊಡಗಿದ್ದೂ ಹೀಗೆಯೇ.

ಮನನಕ್ಕೆ ಪ್ರಶ್ನೆಗಳು

1. ಅಷ್ಟಾಹ್ನಿಕವು ಯಾವ ಯಾವ ಮಾಸಗಳಲ್ಲಿ ಬರುತ್ತದೆ? 52 ಜಿನಾಲಯಗಳ ಲೆಕ್ಕವನ್ನು ವಿವರಿಸಿರಿ.
2. ಜಯಧವಲಾದಲ್ಲಿ ಗುರುವಿನ ಭಾಗವೆಷ್ಟು, ಶಿಷ್ಯರ ಭಾಗವೆಷ್ಟು?
3. ಅನಶನ ಮತ್ತು ಸ್ವಾಧ್ಯಾಯಗಳಲ್ಲಿ ಬಹಿರಂಗ ತಪಸ್ಸು ಯಾವುದು, ಅಂತರಂಗ ತಪಸ್ಸು ಯಾವುದು?

ಜೈನಂ ಜಯತು ಶಾಸನಂ