ಗುಳಿಗೆ ನುಂಗಿದರೆ ಕೊರೊನಾ ಬರುವುದಿಲ್ಲವೇ?



ಈ ಸಲದ ಪಾಠಕ್ಕೆ ನನ್ನದೇ ತಪ್ಪು ಉದಾಹರಣೆ. ಮಹಾರಾಷ್ಟ್ರದ ದೇವಸ್ಥಾನಗಳು 2020ರ ನವೆಂಬರ್ 16ರಂದು ಮತ್ತೆ ತೆರೆದವು. ಆಮೇಲೆ ನಮಗೆ ಸಿಕ್ಕ ಮೊದಲ ಆರ್ಡರು ಜೇಜುರಿಯದು. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ. ಮದುವೆಯಾದ ಹೊಸ ಜೋಡಿ ದರ್ಶನಕ್ಕೆ ಹೋಗುವುದು ಆ ಕಡೆಯ ಪದ್ಧತಿ. ಬೆಟ್ಟದ ಕೆಳಗೆ ಐವತ್ತು ಎಲೆ ಊಟ, ಹೋಳಿಗೆ ಸಹಿತ. ಎಂಟು ತಿಂಗಳು ಒಲೆ ಹೊತ್ತಿರಲಿಲ್ಲ, ಬಿಡುವ ಮನಸ್ಸಾಗಲಿಲ್ಲ.

ಹೊರಡುವ ಮುಂಚೆ ಒಂಬತ್ತು ಜನ ಹುಡುಗರಿಗೂ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ಹಂಚಿದೆ, ಮೇಲೆ ಅರಿಶಿನದ ಕಷಾಯ. ಬಡಿಸುವವನೊಬ್ಬನಿಗೆ ಮೈ ಬಿಸಿ ಇತ್ತು. ಕೇಳಿದರೆ, "ಗುಳಿಗಿ ತಗೊಂಡೀನಲ್ರೀ ಸಾವಕಾರ್ರ, ಏನೂ ಆಗಂಗಿಲ್ಲ" ಎಂದ. ನಾನೂ ಸುಮ್ಮನಾದೆ. ವಾರದೊಳಗೆ ನಮ್ಮಲ್ಲಿ ನಾಲ್ವರಿಗೆ ಪಾಸಿಟಿವ್. ಮುಖ್ಯ ಅಡುಗೆ ಭಟ್ಟರು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಉಂಡವರಲ್ಲಿ ಯಾರಿಗೆ ಏನಾಯಿತೆಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಗುಳಿಗೆಯ ಸುದ್ದಿ ನಾನು ಹುಟ್ಟಿಸಿದ್ದಲ್ಲ. 2020ರ ಮಾರ್ಚಿನಲ್ಲಿ ಐಸಿಎಂಆರ್ ಸಂಸ್ಥೆಯೇ ವೈದ್ಯಕೀಯ ಸಿಬ್ಬಂದಿಗೆ ಮತ್ತು ರೋಗಿಯ ಮನೆಯವರಿಗೆ ಅದನ್ನು ಸೂಚಿಸಿತ್ತು. ಅಡುಗೆಯವರಿಗೆ ಅಲ್ಲ, ವೈದ್ಯರ ಚೀಟಿ ಇಲ್ಲದೆಯೂ ಅಲ್ಲ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕ ಮತ್ತು ಕೆನಡಾದ 821 ಜನರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ಎಲ್ಲರೂ ರೋಗಿಯ ಹತ್ತಿರ ಸುಳಿದವರೇ. ಔಷಧಿ ನುಂಗಿದವರಲ್ಲಿ ನೂರಕ್ಕೆ ಸುಮಾರು 12 ಮಂದಿಗೆ ಕಾಯಿಲೆ ಬಂತು, ಬರೀ ಸಪ್ಪೆ ಗುಳಿಗೆ ನುಂಗಿದವರಲ್ಲಿ ಸುಮಾರು 14. ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಲ್ಲ. ಹೊಟ್ಟೆ ತೊಳಸುವುದು, ಭೇದಿ ಮಾತ್ರ ಔಷಧಿಯವರಲ್ಲಿ ಹೆಚ್ಚು. ಹೃದಯದ ತೊಂದರೆ ಇದ್ದವರಿಗೆ ಬಡಿತ ಏರುಪೇರಾಗುವ ಭಯವೂ ಉಂಟು. ನಮ್ಮ ಭಟ್ಟರು ಬಿಪಿ ಮಾತ್ರೆ ನುಂಗುವವರು. ನಾನು ಕೇಳಿಯೇ ಇರಲಿಲ್ಲ. 2021ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಡೆಗಟ್ಟಲು ಇದನ್ನು ಬಳಸಬೇಡಿ ಎಂದು ಖಂಡಿತವಾಗಿ ಹೇಳಿತು.

ಐವರ್‌ಮೆಕ್ಟಿನ್ ಎಂಬ ಹುಳುವಿನ ಮಾತ್ರೆಯದೂ ಇದೇ ಪಾಡು. 2021ರ ಮೇ ತಿಂಗಳಲ್ಲಿ ಗೋವಾ ಸರ್ಕಾರ ವಯಸ್ಕರಿಗೆಲ್ಲ ಹಂಚುವುದಾಗಿ ಸಾರಿತ್ತು. ನಿಂತ ಆಧಾರವಿಲ್ಲ. ಅರಿಶಿನ ಸಾರಿಗೆ ಒಳ್ಳೆಯದು, ವೈರಸ್ಸಿಗೆ ಬೇಲಿಯಲ್ಲ. (ಜೇಜುರಿಯಲ್ಲಿ ಎರಚುವ ಭಂಡಾರ ದೇವರಿಗೆ, ದಯವಿಟ್ಟು ಅದನ್ನು ಅಡುಗೆಗೆ ಹಾಕಬೇಡಿ, ಅದು ತಿನ್ನುವ ದರ್ಜೆಯದೆಂದು ಯಾರೂ ಖಾತ್ರಿ ಕೊಟ್ಟಿಲ್ಲ.)

ಹಾಗಾದರೆ ತಡೆಯುವ ಔಷಧಿಯೇ ಇಲ್ಲವೇ? ಸ್ವಲ್ಪ ಇದೆ. ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆಂದು 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಎವುಶೆಲ್ಡ್ ಎಂಬ ಚುಚ್ಚುಮದ್ದಿಗೆ ಅನುಮತಿ ಸಿಕ್ಕಿತು. ವೈರಸ್ ರೂಪ ಬದಲಿಸಿತು, 2023ರ ಜನವರಿಯಲ್ಲಿ ಅಲ್ಲಿ ಅದರ ಬಳಕೆ ನಿಂತಿತು. ಜಪಾನಿನ ಎನ್ಸಿಟ್ರೆಲ್ವಿರ್ ಗುಳಿಗೆಯ ಫಲಿತಾಂಶ 2025ರಲ್ಲಿ ಹೊರಬಂತು: ಮನೆಯಲ್ಲೊಬ್ಬರಿಗೆ ಬಂದಾಗ ಉಳಿದವರಿಗೆ ಐದು ದಿನ ಕೊಟ್ಟರೆ, ಕಾಯಿಲೆ ಬಿದ್ದವರು ನೂರಕ್ಕೆ 9ರಿಂದ 3ರ ಹತ್ತಿರ ಇಳಿದರು. ಇದು ನಿಜವಾದ ಲಾಭ. ಆದರೂ ಡಬ್ಬಿಯಲ್ಲಿಟ್ಟು ಹುಡುಗರಿಗೆ ಹಂಚುವ ವಸ್ತುವಲ್ಲ, ವೈದ್ಯರ ಕೈಯಲ್ಲಿರಬೇಕಾದದ್ದು.

ಲಸಿಕೆಯ ಮಾತು ಬೇರೆ. ಪುಣೆಯಿಂದ ಸಾಸ್ವಡದ ಮೇಲೆ ಜೇಜುರಿಗೆ ಹೋಗುವಾಗ ಸಿಗುವ ಹಡಪ್ಸರದಲ್ಲೇ ಕೋವಿಶೀಲ್ಡ್ ತಯಾರಿಸಿದ ಸೀರಂ ಸಂಸ್ಥೆ ಇದೆ. 2021ರ ಜನವರಿ 16ರಿಂದ ದೇಶದಲ್ಲಿ ಲಸಿಕೆ ಶುರುವಾಯಿತು. ಸೋಂಕನ್ನೇ ತಡೆಯುವ ಅದರ ಬಲ ಕೆಲವು ತಿಂಗಳಲ್ಲಿ ಕುಗ್ಗುತ್ತದೆ, ಪ್ರಾಣಾಪಾಯ ತಗ್ಗಿಸುವ ಬಲ ಹೆಚ್ಚು ಕಾಲ ಉಳಿಯುತ್ತದೆ. ಲಸಿಕೆ ಆದವನೂ ಜ್ವರವಿದ್ದರೆ ಬಡಿಸಬಾರದು.

ಜ್ವರ ಮುಚ್ಚಿಡುವ ಹುಡುಗ ಕೆಟ್ಟವನಲ್ಲ. ಆ ದಿನದ ಕೂಲಿ ಹೋಗುತ್ತದೆಂಬ ಹೆದರಿಕೆ. ಹಾಗಾಗಿ ಈಗ ಪ್ರತಿ ಆರ್ಡರಿನ ದರದಲ್ಲೇ ಹೆಚ್ಚುವರಿ ಒಬ್ಬನ ಕೂಲಿ ಸೇರಿಸುತ್ತೇನೆ. ಬೆಳಗ್ಗೆ ಟೆಂಪೋ ಹತ್ತುವ ಮೊದಲೇ ಕೇಳುತ್ತೇನೆ: ಮೈ ಬಿಸಿ, ಕೆಮ್ಮು, ಗಂಟಲು ನೋವು ಯಾರಿಗಾದರೂ ಇದೆಯೇ? ಇದ್ದವನು ಕೂಲಿ ಹಿಡಿದು ಮನೆಗೆ ಹೋಗುತ್ತಾನೆ. ಕಳೆದ ಸೀಸನ್ನಿನಲ್ಲಿ ಹೀಗೆ ಆರು ಜನ ಹೋದರು.