ಚುಕ್ಕೆ ಕೊಕ್ಕಿನ ಬಾತು ಮತ್ತು ಕೆರೆಯಂಚಿನ ರಕ್ಷಣೆ

ನಮ್ಮ ಕೆರೆಗಳ ಕಾಡುಬಾತುಗಳಲ್ಲಿ ಹಲವು ಚಳಿಗಾಲದಲ್ಲಿ ಉತ್ತರ ದೇಶಗಳಿಂದ ಬಂದು ಹಿಂದಿರುಗತಕ್ಕವು. ಚುಕ್ಕೆ ಕೊಕ್ಕಿನ ಬಾತು ಹಾಗಲ್ಲ. ವರ್ಷವೆಲ್ಲ ಇಲ್ಲಿಯೇ ಇದ್ದು ಮರಿಮಾಡುವುದು. ಇದರ ಕೊಕ್ಕು ಕಪ್ಪು, ತುದಿ ಹಳದಿ. ಬುಡದಲ್ಲಿ ಎರಡು ಕೆಂಪು ಚುಕ್ಕೆಗಳುಂಟು. ನೀರಿನ ಗಿಡಗಳ ಬೀಜ ಮತ್ತು ಎಳೆಯ ಕುಡಿಗಳು ಮುಖ್ಯ ಆಹಾರ, ಹುಳುಗಳನ್ನೂ ತಿನ್ನುವುದು. ಒಮ್ಮೊಮ್ಮೆ ಬತ್ತದ ಗದ್ದೆಗಿಳಿದು ನಷ್ಟಮಾಡುವುದೂ ಉಂಟು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಈ ಜಾತಿಯು ಅಪಾಯ ಕಡಮೆಯಾದ ವರ್ಗದಲ್ಲಿದೆ. ಆದರೂ ಸಂಖ್ಯೆಯು ಇಳಿಮುಖವಾಗಿದೆ. ಇದನ್ನು ಅಲಕ್ಷ್ಯ ಮಾಡಬಾರದು. ಗಂಗಾ ಬಯಲಿನ ಜೌಗುಗಳಲ್ಲಿದ್ದ ಗುಲಾಬಿ ತಲೆಯ ಬಾತು, ನೆಲೆ ಸಾಗುವಳಿಗೆ ಹೋಗಿ, ಬೇಟೆಯೂ ಸೇರಿ ಕ್ಷೀಣಿಸಿತು. 1935ರಲ್ಲಿ ಬಿಹಾರದ ದರ್ಭಾಂಗದಲ್ಲಿ ಸಿಕ್ಕಿದ ಹಕ್ಕಿಯ ತರುವಾಯ ಅದರ ನಿಸ್ಸಂದೇಹವಾದ ದಾಖಲೆಯು ಕಾಡಿನಿಂದ ದೊರೆತಿಲ್ಲ.

ಚುಕ್ಕೆ ಕೊಕ್ಕಿನ ಬಾತು ನೀರಿನಂಚಿನ ಹುಲ್ಲು ಜೊಂಡುಗಳ ಮರೆಯಲ್ಲಿ, ನೆಲದ ಮೇಲೆಯೇ ಗೂಡು ಕಟ್ಟುವುದು. ದಕ್ಷಿಣದಲ್ಲಿ ಹೆಚ್ಚಾಗಿ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮೊಟ್ಟೆಯಿಡುವುದು. ಮಳೆಯನ್ನನುಸರಿಸಿ ಕಾಲವು ವ್ಯತ್ಯಾಸವಾಗುವುದು. ಆ ಸಮಯದಲ್ಲಿ ಅಂಚಿಗೆ ಬೆಂಕಿಯಿಟ್ಟರೆ ಗೂಡು ಮೊಟ್ಟೆಗಳೆಲ್ಲವೂ ನಾಶವಾಗುವುವು. ಆದುದರಿಂದ ಗ್ರಾಮಮುಖಂಡರೂ ಜಮೀನುದಾರರೂ ಗಮನಿಸತಕ್ಕ ಅಂಶಗಳಿವು:

1. ಏರಿಯ ಮೇಲಿನ ಗಿಡಗಂಟಿಗಳನ್ನು ಅವಶ್ಯವಾಗಿ ತೆಗೆಯಿಸಬೇಕು; ಆದರೆ ಕೆರೆಗೆ ನೀರು ಬರುವ ಕಡೆಯ ಜೊಂಡಿನ ಒಂದು ಪಟ್ಟಿಯನ್ನು ಬಿಡಿಸಬೇಕು.

2. ಹೂಳೆತ್ತುವಾಗ ದಡವನ್ನು ಎಲ್ಲ ಕಡೆಯೂ ಕಡಿದಾಗಿ ಕಡಿಯದೆ, ಒಂದು ಕಡೆ ಇಳಿಜಾರನ್ನು ಉಳಿಸಬೇಕು.

3. ಗದ್ದೆಗಿಳಿದ ಬಾತುಗಳನ್ನು ತಮಟೆ ಬಡಿದು ಓಡಿಸಬಹುದು. ವಿಷದ ಕಾಳು, ಉರುಲು ಕೂಡದು. ಬೇಟೆಯೂ ಮೊಟ್ಟೆ ತೆಗೆಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಇವುಗಳಿಂದ ಬೇಸಾಯಕ್ಕೆ ಹೆಚ್ಚಿನ ವೆಚ್ಚವಿಲ್ಲ. ಹಕ್ಕಿಯ ನೆಲೆಯು ಉಳಿಯುವುದು.